ನಿಂಬೆಯ ಸಿಲ್ಲಾಕ್ಕೆ ಬೇವಿನೆಣ್ಣೆಯೋ, ಇಮಿಡಾಕ್ಲೋಪ್ರಿಡ್ಡೋ?

ಇಂಡಿ, ಸಿಂದಗಿ ಕಡೆಯ ನಿಂಬೆ ತೋಟಗಳಲ್ಲಿ ಈ ಪ್ರಶ್ನೆಗೆ ಉತ್ತರ ಚಿಗುರಿನಲ್ಲಿದೆ. ಸಿಲ್ಲಾ ಎಂಬ ಈ ರಸ ಹೀರುವ ಪುಟ್ಟ ಕೀಟ ಮೊಟ್ಟೆಯಿಡುವುದು ಎಳೆ ಚಿಗುರಿನ ಮೇಲೆ ಮಾತ್ರ. ರಸ ಹೀರುವಾಗಲೇ ಎಲೆಯಲ್ಲಿ ಹಳದಿ ಮಚ್ಚೆ ಮೂಡಿಸುವ ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾವನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ರೋಗ ಹತ್ತಿದ ಗಿಡಕ್ಕೆ ಮದ್ದಿಲ್ಲ.

ಇಮಿಡಾಕ್ಲೋಪ್ರಿಡ್ ಅಂತರ್ವ್ಯಾಪಿ ರಾಸಾಯನಿಕ ಕೀಟನಾಶಕ, ಅಂದರೆ ಗಿಡದೊಳಗೆ ಹೀರಿಕೊಂಡು ಹರಡುವಂಥದ್ದು. ಮುದುರಿದ ಎಲೆಯೊಳಗಿನ ಮರಿಗೂ ತಟ್ಟುತ್ತದೆ, ಪರಿಣಾಮ ಹೆಚ್ಚು ದಿನ ಉಳಿಯುತ್ತದೆ. ತೊಡಕು ಒಂದೇ, ಆದರೆ ದೊಡ್ಡದು: ನಿಂಬೆಗೆ ಚಿಗುರು ಮತ್ತು ಹೂ ಹೆಚ್ಚಾಗಿ ಒಟ್ಟಿಗೇ ಬರುತ್ತವೆ, ಹೂವಿದ್ದಾಗ ಹೊಡೆದರೆ ಜೇನು ಸಾಯುತ್ತದೆ. ಆದ್ದರಿಂದ ಮೊಗ್ಗು ಕಾಣುವ ಮೊದಲೇ, ಲೇಬಲ್ ಪ್ರಮಾಣದಲ್ಲಿ, ಒಮ್ಮೆ ಸಾಕು. ಪ್ರತಿ ಚಿಗುರಿಗೂ ಅದನ್ನೇ ಹೊಡೆದರೆ ಕೀಟ ನಿರೋಧಕ ಶಕ್ತಿ ಬೆಳೆಸಿಕೊಳ್ಳುತ್ತದೆ.

ಬೇವಿನೆಣ್ಣೆ ಲೀಟರ್ ನೀರಿಗೆ 5 ಮಿ.ಲೀ., ಜೊತೆಗೆ ಸ್ವಲ್ಪ ಸೋಪಿನ ದ್ರಾವಣ. ಸೋಪಿಲ್ಲದಿದ್ದರೆ ಎಣ್ಣೆ ತೇಲುತ್ತದೆ. ಇದು ಮರಿಗಳಿಗೆ ಚೆನ್ನಾಗಿ ನಾಟುತ್ತದೆ, ಹಾರುವ ಕೀಟಕ್ಕೆ ಅಷ್ಟಾಗಿ ಇಲ್ಲ. ವಾರ-ಹತ್ತು ದಿನಕ್ಕೆ ಮತ್ತೆ ಹೊಡೆಯಬೇಕು. ವಿಜಯಪುರದ ಬೇಸಿಗೆಯ ಮಧ್ಯಾಹ್ನ ಹೊಡೆದರೆ ಎಲೆ ಸುಡುತ್ತದೆ, ಸಂಜೆಯೇ ಸರಿ.

ಎಳೆ ಗಿಡಗಳ ತೋಟಕ್ಕೆ ನಮ್ಮ ಆಯ್ಕೆ ಇಮಿಡಾಕ್ಲೋಪ್ರಿಡ್: ಚಿಗುರು ಪದೇಪದೇ ಬರುತ್ತದೆ, ಹೂವಿನ ಚಿಂತೆಯಿಲ್ಲ. ನಿರೋಧಕತೆ ತಡೆಯಲು ನಡುನಡುವೆ ಬೇವಿನೆಣ್ಣೆ ಇರಲಿ. ಫಸಲು ಕೊಡುವ ಮರಗಳಿಗೆ ಹೂ ಬಿಟ್ಟಾಗ ಬೇವಿನೆಣ್ಣೆಯೇ, ಅದೂ ಜೇನು ಗೂಡು ಸೇರಿದ ಮೇಲೆ. ಬದುವಿನ ಕರಿಬೇವನ್ನೂ ನೋಡಿ, ಸಿಲ್ಲಾ ಅಲ್ಲೂ ಬೆಳೆಯುತ್ತದೆ. ಎಲೆಯ ಹಳದಿ ಮಚ್ಚೆ ನಡುನರದ ಎರಡೂ ಬದಿ ಒಂದೇ ಥರ ಇದ್ದರೆ ಸತುವಿನ ಕೊರತೆ ಇರಬಹುದು. ಎಡ-ಬಲ ಹೊಂದದಿದ್ದರೆ ಗ್ರೀನಿಂಗ್ ಅನುಮಾನ, ಆ ಗಿಡದ ಕಡ್ಡಿಯಿಂದ ಕಸಿ ಕಟ್ಟಬೇಡಿ.