ಬೀದರ್‌ನಿಂದ ಅಷ್ಟೂರಿಗೆ ಆಟೋದಲ್ಲಿ: ಕೊಟ್ಟ ಬಾಡಿಗೆ ಸಾರ್ಥಕ

ಬೀದರ್‌ಗೆ ಬಂದವರು ಕೋಟೆ ನೋಡಿ, ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ, ಬಸ್ ಹತ್ತಿಬಿಡ್ತಾರೆ. ಹಾಗೆ ಮಾಡಬೇಡಿ. ಹಳೇ ಊರಿನ ಚೌಬಾರಾ ಗೋಪುರದ ಹತ್ತಿರ ಆಟೋದವರನ್ನು, ಬಹಮನಿ ಸುಲ್ತಾನರ ಗೋರಿಗಳಿರೋ ಅಷ್ಟೂರಿಗೆ ಅಂತ ಅರ್ಧ ದಿನಕ್ಕೆ ಮಾತಾಡಿಕೊಳ್ಳಿ. ನಮಗೆ 500 ರೂಪಾಯಿ ಆಯ್ತು, ಕಾಯೋದೂ ಸೇರಿ.

ದೂರ ಸುಮಾರು 3 ಕಿಲೋಮೀಟರ್ ಅಷ್ಟೇ. ಆದರೆ ನಮಗೆ ಸಿಕ್ಕ ಆಟೋ ಅಣ್ಣನಿಗೆ ಅಲ್ಲೇ ಹೊಲ ಇದೆ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, "ಮಣ್ಣಿನ ಬಣ್ಣ ನೋಡ್ರಿ ಅಕ್ಕಾ" ಅಂದರು. ಬೀದರ್ ಕೂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ, ಕೆಳಗೆ ಇಳಿದ ಹಾಗೆ ಹೊಲ ಕಪ್ಪಗಾಗುತ್ತೆ. ಮಳೆನೀರು ಆ ತೂತು ತೂತಾದ ಕೆಂಪು ಕಲ್ಲಿನೊಳಗೆ ಇಂಗಿ, ಅಡಿಯಲ್ಲಿರೋ ಗಟ್ಟಿ ಕರಿಕಲ್ಲು ದಾಟೋಕಾಗದೆ ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತೆ. ಝೀರಾದ ನೀರೂ ಹೀಗೇ ಬರೋದು. ನಾನು ಕಲಬುರಗಿಯವಳು, ಚಿಕ್ಕಂದಿನಿಂದ ಬೀದರ್‌ಗೆ ಬರ್ತಾ ಇದ್ದೀನಿ, ಇದನ್ನು ಯಾರೂ ಹೇಳಿರಲಿಲ್ಲ.

ಬಹಮನಿ ಸುಲ್ತಾನರ ಗುಂಬಜ್‌ಗಳು ಊರಿಗೆ ಅಂಟಿಕೊಂಡೇ ಇವೆ. ನಮ್ಮೂರಲ್ಲಿದ್ದ ರಾಜಧಾನಿಯನ್ನು ಬೀದರ್‌ಗೆ ಒಯ್ದ ಅಹ್ಮದ್ ಶಾ ಮಲಗಿರೋದು ಇಲ್ಲೇ. ಅವನು ಆಳಿದ್ದು 1422ರಿಂದ 1436ರವರೆಗೆ. ಗುಂಬಜ್ ಒಳಗೆ ಏನೂ ಕಾಣದಷ್ಟು ಕತ್ತಲು. ಅಲ್ಲಿರೋ ಅಜ್ಜ ಬಾಗಿಲಲ್ಲಿ ನಿಂತು ಕನ್ನಡಿ ಓರೆ ಮಾಡಿದರು. ಬಿಸಿಲಿನ ಒಂದು ತುಂಡು ಗೋಡೆ ಹತ್ತಿ ಮೇಲೆ ಹೋಯ್ತು, ಅದು ಹೋದಲ್ಲೆಲ್ಲ ಕೆಂಪು, ನೀಲಿ, ಬಂಗಾರದ ಬಣ್ಣದಲ್ಲಿ ಬರೆದ ಬಳ್ಳಿ ಮತ್ತು ಅಕ್ಷರ. ನನ್ನ ಮಗಳು ಮಾತಾಡೋದನ್ನೇ ನಿಲ್ಲಿಸಿದಳು. ಈ ಸುಲ್ತಾನನನ್ನು ಅಲ್ಲಮಪ್ರಭು ಅಂತ ನಂಬಿ ನಡೆದುಕೊಳ್ಳೋ ಹಿಂದೂಗಳೂ ಇದ್ದಾರೆ, ಉರುಸಿಗೆ ನಮ್ಮ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರ್ತಾರೆ. ಎಷ್ಟು ದೊಡ್ಡ ಮಾತು ಅಲ್ವಾ!

ಪಕ್ಕದಲ್ಲಿ ಹುಮಾಯೂನ್ ಸುಲ್ತಾನನ ಗುಂಬಜ್, ಸಿಡಿಲು ಬಡಿದು ಸೀಳಿಹೋಗಿದೆ. ಕಲ್ಲಂಗಡಿ ಕೊಯ್ದ ಹಾಗೆ ಗೋಡೆಯ ದಪ್ಪ ಪೂರ್ತಿ ಕಾಣುತ್ತೆ.

ಒಂದೇ ಬೇಜಾರು, ವಾಪಸ್ ಬರುವಾಗ ದಾರಿಯಲ್ಲಿರೋ ಚೌಖಂಡಿಯನ್ನು (ಸೂಫಿ ಸಂತ ಖಲೀಲುಲ್ಲಾ ಅವರ ಗೋರಿ) ಅವಸರದಲ್ಲಿ ತೋರಿಸಿದರು. ಬಾಗಿಲ ಸುತ್ತ ಕಪ್ಪು ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳನ್ನು ನೋಡೋಕೆ ಅರ್ಧ ಗಂಟೆಯಾದರೂ ಬೇಕು, ನಮಗೆ ಸಿಕ್ಕಿದ್ದು ಐದು ನಿಮಿಷ. ಬಾಡಿಗೆ ಮಾತಾಡುವಾಗಲೇ ಇದನ್ನೂ ಹೇಳಿಡಿ. ಕುಡಿಯೋ ನೀರು ಜೊತೆಗಿರಲಿ. ಮೋಡ ಇರೋ ದಿನ ಹೋಗಬೇಡಿ, ಅಜ್ಜನ ಕನ್ನಡಿಗೆ ಬಿಸಿಲು ಬೇಕು.