ಮನೆಯಲ್ಲೇ ಉಳಿಯುವವರಾ, ಪಾಳಿಯವರಾ?

ಮಗನಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ), ಅಪ್ಪ ಅಮ್ಮನಿಗೆ ವಯಸ್ಸಾಯಿತು ಅಂದಾಗ, ಅವನನ್ನು ನೋಡಿಕೊಳ್ಳಲು ಎಂಥವರನ್ನು ಕೆಲಸಕ್ಕೆ ಇಡಬೇಕು ಅನ್ನೋ ಈ ಪ್ರಶ್ನೆ ಬಂದೇ ಬರುತ್ತದೆ. ಮನೆಯಲ್ಲೇ ಉಳಿಯುವ ಒಬ್ಬರಿದ್ದರೆ ಅವನ ಸನ್ನೆ, ಊಟ ನುಂಗುವ ರೀತಿ ಎಲ್ಲ ಅವರಿಗೆ ಅಭ್ಯಾಸವಾಗುತ್ತದೆ, ಖರ್ಚೂ ಕಡಿಮೆ. ಆದರೆ ರಾತ್ರಿಯೆಲ್ಲ ಎದ್ದೆದ್ದು ಅವನ ಮಗ್ಗುಲು ಬದಲಿಸಿದವರು ಹಗಲೂ ದುಡಿಯಬೇಕು ಅಂದರೆ ಹೇಗೆ? ಹಬ್ಬಕ್ಕೆ ಊರಿಗೆ ಹೋದರಂತೂ ಮುಗೀತು.

12 ಗಂಟೆಯ ಎರಡು ಪಾಳಿ ಮಾಡಿದರೆ ನಿದ್ದೆಗೆಟ್ಟವರ ಕೈಯಲ್ಲಿ ಮಗನನ್ನು ಬಿಡಬೇಕಿಲ್ಲ. ದುಡ್ಡು ಜಾಸ್ತಿ, ಮುಖಗಳೂ ಬದಲಾಗುತ್ತವೆ. ಆಟಿಸಂ ಇರುವ ಎಷ್ಟೋ ಜನರಿಗೆ ಅದೇ ದೊಡ್ಡ ಕಷ್ಟ. ರಾತ್ರಿ ಕೆಲಸ ಇದ್ದರೆ ನನ್ನ ಓಟು ಪಾಳಿಗೇ.

ಮನೆಯಲ್ಲಿ ಆಗದಿದ್ದರೆ, ಇಂಥವರಿಗಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ಸಮರ್ಥ್-ಕಮ್-ಘರೌಂದಾ ಯೋಜನೆಯಲ್ಲಿ ಗುಂಪು ಮನೆಗಳೂ (ಹಲವರು ಒಟ್ಟಿಗೆ ಇರುವ ಆರೈಕೆ ಮನೆಗಳು) ಇವೆ. ನೋಡಲು ಹೋದರೆ ಗೋಡೆ ಬಣ್ಣ ಬಿಡಿ, ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ಕೇಳಿ.