ಮಲೆನಾಡಿನ ಜ್ವರಕ್ಕೆ ಯಾವ ಕಾರ್ಡು ಆಗಿಬರುತ್ತದೆ?

ಶಿವಮೊಗ್ಗ ಜಿಲ್ಲೆಯಲ್ಲಿ ಆರೋಗ್ಯ ಕಾರ್ಡು ಇಲ್ಲದ ಮನೆ ಹುಡುಕುವುದು ಈಗ ಕಷ್ಟ. ಬಿಪಿಎಲ್ ಮನೆಯಲ್ಲಿ ಆಯುಷ್ಮಾನ್, ಸೊಸೈಟಿ ಸದಸ್ಯರ ಮನೆಯಲ್ಲಿ ಯಶಸ್ವಿನಿ, ಬೆಂಗಳೂರಲ್ಲಿರುವ ಮಗ ಅಪ್ಪ-ಅಮ್ಮನಿಗೆ ಮಾಡಿಸಿಕೊಟ್ಟ ಖಾಸಗಿ ಪಾಲಿಸಿ. ಹೃದಯಕ್ಕೆ ಸ್ಟೆಂಟ್ ಹಾಕಿಸುವಾಗ, ಮಂಡಿ ಆಪರೇಷನ್ ಮಾಡಿಸುವಾಗ ಇವು ಹೇಗೆ ಒದಗುತ್ತವೆ ಎಂಬುದು ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಇಲ್ಲಿ ನಾವು ನೋಡಹೊರಟಿರುವುದು ಇವೇ ಯೋಜನೆಗಳು ಮಂಗನ ಕಾಯಿಲೆ, ಡೆಂಗ್ಯೂ, ಇಲಿ ಜ್ವರ, ಕ್ಷಯದಂಥ ಹಬ್ಬುವ ಕಾಯಿಲೆಗಳಿಗೆ ಎಷ್ಟು ಕೆಲಸ ಮಾಡುತ್ತವೆ ಎಂಬುದನ್ನು. ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ಇವೆಲ್ಲ ಆಸ್ಪತ್ರೆಯ ಹಾಸಿಗೆಗೆ ದುಡ್ಡು ಕೊಡುತ್ತವೆ, ಕೆಲವು ಚೆನ್ನಾಗಿಯೇ ಕೊಡುತ್ತವೆ. ಮೂರನೇ ದಿನ ರಕ್ತ ತೆಗೆದು ರೋಗ ಯಾವುದೆಂದು ಪತ್ತೆ ಮಾಡುವುದಕ್ಕೆ, ಪಕ್ಕದ ಮನೆಗೆ ಹಬ್ಬದಂತೆ ನೋಡಿಕೊಳ್ಳುವುದಕ್ಕೆ ಒಂದೂ ಕೊಡುವುದಿಲ್ಲ. ಆ ಕೆಲಸ ಇವತ್ತಿಗೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ್ದು, ಆಶಾ ಕಾರ್ಯಕರ್ತೆಯರದ್ದು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ

2018ರಲ್ಲಿ ಕೇಂದ್ರ ಮತ್ತು ರಾಜ್ಯದ ಯೋಜನೆಗಳನ್ನು ಸೇರಿಸಿ ಮಾಡಿದ್ದು ಇದು. ಇದರಲ್ಲಿ ವಿಮಾ ಕಂಪನಿ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಂಡು, ಚಿಕಿತ್ಸೆಗೆ ಇಷ್ಟು ಎಂದು ಪ್ಯಾಕೇಜ್ ದರದಲ್ಲಿ ಹಣ ಕೊಡುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಉಳಿದ ಶೇ. 70 ಕೈಯಿಂದ ಹೋಗುತ್ತದೆ. ನಾಲ್ಕೆಕರೆ ತೋಟವಿರುವ ಎಷ್ಟೋ ಮನೆಗಳಿಗೆ ಇದು ಗೊತ್ತಾಗುವುದು ಬಿಲ್ಲು ಕೈಗೆ ಬಂದಾಗ.

ಯೋಜನೆಯ ಬೆನ್ನೆಲುಬು ಅದರ ವರ್ಗೀಕರಣ. 2ಎ ಅಂದರೆ ಸರಳ ದ್ವಿತೀಯ ಹಂತದ ಚಿಕಿತ್ಸೆ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರ. 2ಬಿ ಸಂಕೀರ್ಣ ದ್ವಿತೀಯ ಹಂತ, 3ಎ ತೃತೀಯ ಹಂತ. ಇವೆರಡಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು, ಅಲ್ಲಿ ಸೌಲಭ್ಯವಿಲ್ಲದಿದ್ದರೆ ರೆಫರಲ್ ಪತ್ರ ತೆಗೆದುಕೊಂಡು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. 4ಎ ತುರ್ತು ಚಿಕಿತ್ಸೆ. ಇದಕ್ಕೆ ಮಾತ್ರ ರೆಫರಲ್ ಬೇಡ. ಜ್ವರದ ಮಟ್ಟಿಗೆ ಜನ ಎಡವುವುದು ಇಲ್ಲೇ. ಹೊಸನಗರದ ಕಡೆಯಿಂದಲೋ ತೀರ್ಥಹಳ್ಳಿಯ ಕಡೆಯಿಂದಲೋ ಜೀಪು ಮಾಡಿಕೊಂಡು, ಆಗುಂಬೆ ಘಾಟಿ ಇಳಿದು ಮಣಿಪಾಲವನ್ನೋ ಮಂಗಳೂರನ್ನೋ ಮುಟ್ಟಿದ ಮೇಲೆ ರೆಫರಲ್ ಎಲ್ಲಿ ಎಂದು ಕೇಳುತ್ತಾರೆ. ಬರೀ ಜ್ವರ, ಮೈಕೈ ನೋವು ಇದ್ದರೆ ಅದು ತುರ್ತಿನ ಪಟ್ಟಿಗೆ ಬರುವುದಿಲ್ಲ. ಮೂಗು, ಒಸಡಿನಿಂದ ರಕ್ತ, ಪ್ರಜ್ಞೆ ತಪ್ಪುವುದು, ಬಿ.ಪಿ. ಕುಸಿಯುವುದು ಇದ್ದರೆ ಪತ್ರಕ್ಕಾಗಿ ಕಾಯಬೇಡಿ, ಸೀದಾ ಹೋಗಿ. ಉಳಿದಂತೆ ತಾಲ್ಲೂಕು ಆಸ್ಪತ್ರೆಯಲ್ಲೋ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲೋ ತೋರಿಸಿ ಪತ್ರ ಕೈಯಲ್ಲಿಟ್ಟುಕೊಂಡೇ ಘಾಟಿ ಇಳಿಯುವುದು ಒಳ್ಳೆಯದು. ಪತ್ರದಲ್ಲಿ ಸುಮ್ಮನೆ ‘ಜ್ವರ’ ಎಂದು ಬರೆಸಿಕೊಳ್ಳದೆ, ಶಂಕಿತ ಕಾಯಿಲೆ ಯಾವುದು, ಇಲ್ಲಿ ಯಾವ ಸೌಲಭ್ಯ ಇಲ್ಲದ್ದಕ್ಕೆ ಕಳಿಸುತ್ತಿದ್ದಾರೆ (ಐಸಿಯು, ಪ್ಲೇಟ್‌ಲೆಟ್, ಡಯಾಲಿಸಿಸ್) ಎಂಬುದನ್ನು ಬರೆಸಿ.

ಇನ್ನೊಂದು ತೊಡಕು ದಾಖಲೆಯದು. ಆಧಾರ್ ಮತ್ತು ರೇಷನ್ ಕಾರ್ಡಿನ ಹೆಸರು ತಾಳೆಯಾಗಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು, ಚಿಕ್ಕ ಮಕ್ಕಳ ಹೆಸರು ರೇಷನ್ ಕಾರ್ಡಿಗೆ ಸೇರಿರುವುದಿಲ್ಲ. ಅಡಿಕೆ ಸುಲಿದು ಸವೆದ ಬೆರಳು ಯಂತ್ರಕ್ಕೆ ಹತ್ತುವುದಿಲ್ಲ. ಆಗ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಓಟಿಪಿಯಿಂದ ಇಕೆವೈಸಿ ಮಾಡಿಸಬಹುದು. ಜ್ವರ ಬಂದ ಮೇಲೆ ಇದನ್ನೆಲ್ಲ ಸರಿಮಾಡಿಸಲು ಓಡಾಡುವುದು ಆಗದ ಮಾತು, ಮಳೆಗಾಲದಲ್ಲೇ ಮಾಡಿಸಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರ (ಯೋಜನೆಯ ಸಹಾಯಕರ) ಕೌಂಟರ್ ಇರುತ್ತದೆ. ದಾಖಲಾದ ದಿನವೇ ಅಲ್ಲಿಗೆ ಹೋಗಿ ಪೂರ್ವಾನುಮತಿಗೆ ಹಾಕಿಸಬೇಕು. ಹೊರಗಡೆಯಿಂದ ಔಷಧಿ ತರಲು ಚೀಟಿ ಕೊಟ್ಟರೆ ಪ್ಯಾಕೇಜ್‌ನಲ್ಲಿ ಸೇರಿಲ್ಲವೇ ಎಂದು ಅಲ್ಲೇ ಕೇಳಿ. ಉತ್ತರ ಸರಿಬರದಿದ್ದರೆ 104ಕ್ಕೋ 14555ಕ್ಕೋ ಕರೆ ಮಾಡಿ.

ಬಿಪಿಎಲ್ ಕುಟುಂಬಕ್ಕೆ ಐಸಿಯು ಹಂತದ ಜ್ವರ ಬಂದರೆ ಇದಕ್ಕಿಂತ ಒಳ್ಳೆಯ ಆಸರೆ ಬೇರೆ ಇಲ್ಲ. ಇದು ನಮ್ಮ ಖಚಿತ ಅಭಿಪ್ರಾಯ.

ಮಂಗನ ಕಾಯಿಲೆ: ಬಾಗಿಲು ತೆರೆಯುವುದು ವರದಿ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಯ ಕಾಲ ನವೆಂಬರ್-ಡಿಸೆಂಬರ್‌ನಿಂದ ಮೇ ತನಕ. ಸೊಪ್ಪಿನಬೆಟ್ಟಕ್ಕೆ ದರಗು ಗುಡಿಸಲು, ಕಟ್ಟಿಗೆ ತರಲು ಹೋದವರಿಗೆ ಮರಿ ಉಣುಗು ಕಚ್ಚಿ, ಮೂರರಿಂದ ಎಂಟು ದಿನದೊಳಗೆ ಜ್ವರ ಏರುತ್ತದೆ. ಇದಕ್ಕೆಂದೇ ಇರುವ ಔಷಧಿ ಇಲ್ಲ. ದ್ರವಾಂಶ, ಪ್ಯಾರಾಸಿಟಮಾಲ್, ರಕ್ತಸ್ರಾವವಾದರೆ ರಕ್ತದ ಅಂಶಗಳು, ಬೇಕಾದರೆ ಐಸಿಯು. ಆಸ್ಪಿರಿನ್, ಬ್ರೂಫೆನ್ ಜಾತಿಯ ನೋವಿನ ಮಾತ್ರೆ ರಕ್ತಸ್ರಾವ ಹೆಚ್ಚಿಸುವುದರಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವುದು ಬೇಡವೇ ಬೇಡ. ಸತ್ತವರ ಪ್ರಮಾಣ ಶೇ. 3ರಿಂದ 5. ಲೆಕ್ಕದಲ್ಲಿ ಸಣ್ಣದಾಗಿ ಕಾಣುವ ಈ ಸಂಖ್ಯೆ ಏನು ಮಾಡಬಲ್ಲದು ಎಂಬುದನ್ನು ಸಾಗರ ತಾಲ್ಲೂಕಿನ ಅರಳಗೋಡು 2019ರಲ್ಲಿ ಕಂಡಿದೆ.

ಸರ್ಕಾರ ಈ ಕಾಯಿಲೆಗೆ ಉಚಿತ ಚಿಕಿತ್ಸೆ ಘೋಷಿಸಿದೆ, ಸರಿ. ಆದರೆ ಅದು ನಿಂತಿರುವುದು ಪಾಸಿಟಿವ್ ವರದಿಯ ಮೇಲೆ. ವರದಿಯ ದಾರಿ ಹೀಗೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು, ತಂಪು ಪೆಟ್ಟಿಗೆಯಲ್ಲಿಟ್ಟು ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ (ವಿಡಿಎಲ್) ಕಳಿಸುತ್ತಾರೆ. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಐದನೇ ದಿನದ ನಂತರ ಐಜಿಎಂ ಎಲೈಸಾ ಎಂಬ ರಕ್ತಪರೀಕ್ಷೆ. ರೋಗಿ ದುಡ್ಡು ಕೊಡಬೇಕಿಲ್ಲ. ನೇರವಾಗಿ ಖಾಸಗಿ ಕ್ಲಿನಿಕ್‌ಗೆ ಹೋದವರಿಗೆ ಆಗುವುದೇ ಬೇರೆ: ಡೆಂಗ್ಯೂ ಕಾರ್ಡ್ ಟೆಸ್ಟ್ ನೆಗೆಟಿವ್ ಬರುತ್ತದೆ, ಚೀಟಿಯಲ್ಲಿ ‘ವೈರಲ್ ಫೀವರ್’ ಎಂದು ಬೀಳುತ್ತದೆ, ರಕ್ತ ವಿಡಿಎಲ್ ಮುಟ್ಟುವುದೇ ಇಲ್ಲ. ರೋಗಿ ಉಚಿತ ಚಿಕಿತ್ಸೆ ಕಳೆದುಕೊಳ್ಳುತ್ತಾನೆ. ಆ ಊರಿನಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚಲು, ಮನೆಮನೆಗೆ ಹೋಗಿ ಜ್ವರ ವಿಚಾರಿಸಲು ಬೇಕಾದ ಸುಳಿವನ್ನು ಇಲಾಖೆ ಕಳೆದುಕೊಳ್ಳುತ್ತದೆ. ಹಳೆಯ ಲಸಿಕೆ 2022ರಿಂದ ನಿಂತಿರುವಾಗ, ಎಣ್ಣೆ ಮತ್ತು ಬೇಗ ಪತ್ತೆ ಬಿಟ್ಟರೆ ಕಾಡಿಗೆ ಹೋಗುವವರ ಕೈಯಲ್ಲಿ ಹೆಚ್ಚೇನೂ ಇಲ್ಲ.

ಖಾಸಗಿ ಪಾಲಿಸಿ: ಆರೋಗ್ಯ ಸಂಜೀವಿನಿ

ಕಂಪನಿಗೊಂದು ಪಾಲಿಸಿ ಇದೆ. ಆದರೆ ಆರೋಗ್ಯ ಸಂಜೀವಿನಿಯ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ ಆಗಿರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡಿರುವುದರಿಂದ ಅದನ್ನೇ ಪರೀಕ್ಷೆಗೆ ಎತ್ತಿಕೊಂಡಿದ್ದೇವೆ. ಡೆಂಗ್ಯೂ, ಇಲಿ ಜ್ವರ, ಮಂಗನ ಕಾಯಿಲೆ ಯಾವುದನ್ನೂ ಹೆಸರು ಹಿಡಿದು ಹೊರಗಿಟ್ಟಿಲ್ಲ. ತೊಂದರೆ ಇರುವುದು ಬೇರೆ ಕಡೆ.

ಮೊದಲನೆಯದು ತಿಂಗಳ ಲೆಕ್ಕ. ಪಾಲಿಸಿ ಶುರುವಾದ ಮೊದಲ 30 ದಿನ ಅಪಘಾತ ಬಿಟ್ಟು ಯಾವ ಕಾಯಿಲೆಗೂ ಹಣವಿಲ್ಲ. ಕಾನಿನಲ್ಲಿ ಮಂಗ ಸತ್ತಿದೆ ಎಂಬ ಸುದ್ದಿ ಕೇಳಿ ಜನವರಿಯಲ್ಲಿ ಪಾಲಿಸಿ ಮಾಡಿಸಿದರೆ ಆ ಜನವರಿಯ ಜ್ವರಕ್ಕೆ ಅದು ಬರುವುದಿಲ್ಲ. ಅಡಿಕೆಯ ಕೊನೆಕೊಯ್ಲು ಶುರುವಾಗುವ ಮುಂಚೆ, ದಸರೆಯ ಹೊತ್ತಿಗೇ ಮಾಡಿಸಬೇಕು. ನವೀಕರಣದ ದಿನ ತಪ್ಪಿ ಪಾಲಿಸಿ ಬಿದ್ದುಹೋಗಿ ಹೊಸದಾಗಿ ಮಾಡಿಸಿದರೂ ಇದೇ 30 ದಿನ ಮತ್ತೆ ಎಣಿಕೆಯಾಗುತ್ತದೆ.

ಎರಡನೆಯದು, ಕ್ಲೇಮು ತಿರಸ್ಕಾರದ ಮಾಮೂಲು ಕಾರಣ. ಕನಿಷ್ಠ 24 ಗಂಟೆ ದಾಖಲಾಗಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಬರೀ ತಪಾಸಣೆಗೆ ದಾಖಲಾದರೆ ಹಣವಿಲ್ಲ ಎಂಬ ಷರತ್ತು (ಪಾಲಿಸಿಯಲ್ಲಿ ಎಕ್ಸ್‌ಕ್ಲೂಷನ್ 04 ಎಂದಿರುತ್ತದೆ) ಬಹಳ ಜನಕ್ಕೆ ಗೊತ್ತಿಲ್ಲ. ಪ್ಲೇಟ್‌ಲೆಟ್ 1.4 ಲಕ್ಷ ಇದ್ದು, ಮಾತ್ರೆ ನುಂಗಲು ಆಗುತ್ತಿದ್ದು, ಮೂರು ದಿನ ಸಲೈನ್ ಹಾಕಿ ಕಳಿಸಿದ ಡೆಂಗ್ಯೂವನ್ನು ‘ಮನೆಯಲ್ಲೇ ನೋಡಿಕೊಳ್ಳಬಹುದಿತ್ತು’ ಎಂದು ತಳ್ಳಿಹಾಕಲು ಇದು ಕಂಪನಿಗೆ ಸಾಕು. ದಾಖಲಾಗಬೇಕಾದ ಕಾರಣ ಕೇಸ್ ಶೀಟಿನಲ್ಲಿ ಇರಬೇಕು: ನಿಲ್ಲದ ವಾಂತಿ, ಹೊಟ್ಟೆನೋವು, ರಕ್ತಸ್ರಾವ, ದಿನದಿನದ ಪ್ಲೇಟ್‌ಲೆಟ್ ಮತ್ತು ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣದ ಪ್ರಮಾಣ) ಅಂಕಿ, ಬಿ.ಪಿ. ಚಾರ್ಟು. ಡಿಸ್ಚಾರ್ಜ್ ಸಾರಾಂಶದಲ್ಲಿ ಅವು ಬಂದಿವೆಯೇ ಎಂದು ಸಹಿ ಹಾಕುವ ಮುಂಚೆ ಓದಿ ನೋಡಿ.

ಮೂರನೆಯದು ರೂಮು. ವಿಮೆಯ ಮೊತ್ತದ ಶೇ. 2, ಗರಿಷ್ಠ ದಿನಕ್ಕೆ 5,000 ರೂಪಾಯಿ, ಐಸಿಯುಗೆ ಶೇ. 5, ಗರಿಷ್ಠ 10,000. ಒಂದು ಲೆಕ್ಕ ನೋಡಿ. ಪಾಲಿಸಿ 2 ಲಕ್ಷದ್ದು ಅಂದುಕೊಳ್ಳೋಣ, ರೂಮಿಗೆ ಸಿಗುವುದು 4,000. ರೋಗಿ ಸೇರಿದ್ದು 6,000ದ ರೂಮಿಗೆ, ಐದು ದಿನ. ರೂಮು 30,000, ಡಾಕ್ಟರು-ನರ್ಸಿಂಗ್ 24,000, ಔಷಧಿ 18,000, ಲ್ಯಾಬ್ 12,000; ಒಟ್ಟು 84,000. ರೂಮಿನ 30,000ದಲ್ಲಿ ಬರುವುದು 20,000. ಅಷ್ಟಕ್ಕೇ ಮುಗಿಯಲಿಲ್ಲ, ಡಾಕ್ಟರು-ನರ್ಸಿಂಗ್ ಹಣವನ್ನೂ ಅದೇ ಪ್ರಮಾಣದಲ್ಲಿ ಇಳಿಸಿ 16,000 ಮಾಡುತ್ತಾರೆ. ಔಷಧಿ, ಲ್ಯಾಬ್ ಪೂರ್ತಿ. 66,000 ಆಯಿತು, ಅದರಲ್ಲಿ ಶೇ. 5 ರೋಗಿಯ ಪಾಲು ಕಳೆದರೆ 62,700. ಕೈಯಿಂದ ಹೋದದ್ದು 21,300. ಡಾಕ್ಟರ ಫೀಸು ಅಷ್ಟೇ ಇದ್ದು 4,000ದ ರೂಮಿಗೆ ಸೇರಿದ್ದರೆ ಹೋಗುತ್ತಿದ್ದದ್ದು 3,700. ಇದರ ಮೇಲೆ ಡಯಾಪರ್, ನೀರಿನ ಬಾಟಲಿ, ಜೊತೆಗಿದ್ದವರ ಊಟ ಬರುವುದಿಲ್ಲ; ಪ್ಲೇಟ್‌ಲೆಟ್ ಕೊಡಲು ಬಂದ ದಾನಿಗಳ ರಕ್ತದ ಗುಂಪು ಮತ್ತು ಕ್ರಾಸ್ ಮ್ಯಾಚಿಂಗ್ ಪರೀಕ್ಷೆಯೂ ಕೊಡದ ಪಟ್ಟಿಯಲ್ಲೇ ಇದೆ.

ಮಂಗನ ಕಾಯಿಲೆಗೆ ಸಂಬಂಧಿಸಿದ ಒಂದು ಸೂಕ್ಷ್ಮ ಇಲ್ಲಿದೆ. ನೂರರಲ್ಲಿ ಹತ್ತಿಪ್ಪತ್ತು ಜನಕ್ಕೆ ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಜ್ವರ, ವಿಪರೀತ ತಲೆನೋವು, ನಡುಕ, ಕುತ್ತಿಗೆ ಬಿಗಿತ ಬರುತ್ತದೆ. ಕೊನೆಯ ಸಲ ಡಾಕ್ಟರಿಗೆ ತೋರಿಸಿದ 45 ದಿನದೊಳಗೆ ಅದೇ ಕಾಯಿಲೆ ಮರುಕಳಿಸಿದರೆ ಪಾಲಿಸಿ ಎರಡನ್ನೂ ಒಂದೇ ಕಾಯಿಲೆ ಎಂದು ಪರಿಗಣಿಸುತ್ತದೆ. ಹಾಗಾಗಿ ಮೊದಲ ದಾಖಲಾತಿಯ ಕಾಗದಪತ್ರ, ವಿಡಿಎಲ್ ವರದಿ ಸಮೇತ, ಎರಡನೇ ಸಲವೂ ಜೊತೆಗೇ ಕೊಡಿ. ದಾಖಲಾಗುವ ಮುಂಚಿನ 30 ದಿನ, ಬಿಡುಗಡೆಯ ನಂತರದ 60 ದಿನದ ಪರೀಕ್ಷೆ-ಔಷಧಿಯ ಖರ್ಚೂ ಬರುತ್ತದೆ, ಬಿಲ್ಲು ಬಿಸಾಡಬೇಡಿ.

ಕ್ಯಾಶ್‌ಲೆಸ್ ಅನುಮತಿ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆ ಮೂರು ಗಂಟೆಯೊಳಗೆ ಕೊಡಬೇಕು ಎಂಬುದು 2024ರ ನಿಯಮ. ಸಂಜೆವರೆಗೆ ಕೂರಿಸಿ ಇನ್ನೊಂದು ದಿನದ ರೂಮು ಬಾಡಿಗೆ ಹಾಕಿದರೆ ಅದನ್ನು ಕಂಪನಿಯೇ ಕಟ್ಟಬೇಕು. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು ಕಂಪನಿಗೆ ದೂರು ಕೊಡಿ, 30 ದಿನದಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ. ಅದಕ್ಕೆ ವಕೀಲರೂ ಬೇಡ, ಶುಲ್ಕವೂ ಇಲ್ಲ.

ಮಶಕ ರಕ್ಷಕ್

ಸೊಳ್ಳೆ, ಮರಳುನೊಣದಂಥ ಕೀಟಗಳಿಂದ ಬರುವ ಕೆಲವು ಕಾಯಿಲೆಗೆಂದೇ 2021ರಲ್ಲಿ ಬಂದ ಅಗ್ಗದ ಪಾಲಿಸಿ. ರೋಗ ದೃಢಪಟ್ಟರೆ ವಿಮೆ ಮೊತ್ತದ ಶೇ. 2, ಸತತ 72 ಗಂಟೆ ದಾಖಲಾದರೆ ಪೂರ್ತಿ ಮೊತ್ತ, ಬಿಲ್ಲು ಎಷ್ಟೇ ಆಗಿರಲಿ. ಮೊತ್ತ 10,000ದಿಂದ 2 ಲಕ್ಷ, ಕಾಯುವ ಅವಧಿ 15 ದಿನ. ಪಟ್ಟಿಯಲ್ಲಿರುವುದು ಡೆಂಗ್ಯೂ, ಮಲೇರಿಯಾ, ಆನೆಕಾಲು ರೋಗ, ಕಾಲಾ ಅಜಾರ್, ಚಿಕೂನ್‌ಗುನ್ಯಾ, ಜಪಾನೀಸ್ ಎನ್ಸೆಫಲೈಟಿಸ್, ಜೀಕಾ. ಉಣುಗಿನಿಂದ ಬರುವ ಮಂಗನ ಕಾಯಿಲೆ ಇಲ್ಲ, ಇಲಿ ಜ್ವರವೂ ಇಲ್ಲ. ‘ಎಲ್ಲಾ ಜ್ವರಕ್ಕೂ ಬರುತ್ತೆ’ ಎಂದು ಏಜೆಂಟರು ಹೇಳಿದರೆ ಪಟ್ಟಿ ತೆಗೆಸಿ ಓದಿ. ಶಿವಮೊಗ್ಗ, ಭದ್ರಾವತಿ ಪೇಟೆಯ ದಿನಗೂಲಿ ಕುಟುಂಬಕ್ಕೆ ಇದು ಒಳ್ಳೆಯದು, ಡೆಂಗ್ಯೂವಿನಲ್ಲಿ ಹೋಗುವ ಕೂಲಿಯನ್ನು ತುಂಬಿಕೊಡುತ್ತದೆ. ಕಾಡಂಚಿನವರು ಇದೊಂದನ್ನೇ ನಂಬಿ ಕೂರಬಾರದು. ಡೆಂಗ್ಯೂವಿಗೆ ಕಾರ್ಡ್ ಟೆಸ್ಟ್‌ಗಿಂತ ಎಲೈಸಾ ವರದಿ ಗಟ್ಟಿ ದಾಖಲೆ. ರಾಜ್ಯ ಸರ್ಕಾರ 2024ರಲ್ಲಿ ಖಾಸಗಿ ಲ್ಯಾಬ್‌ಗಳಿಗೆ ಎನ್‌ಎಸ್1 ಎಲೈಸಾಗೆ 300 ರೂಪಾಯಿ ದರ ನಿಗದಿ ಮಾಡಿದೆ.

ಯಶಸ್ವಿನಿ ಮೊದಲಿನಿಂದಲೂ ಶಸ್ತ್ರಚಿಕಿತ್ಸೆಯನ್ನೇ ಮುಖ್ಯವಾಗಿಟ್ಟುಕೊಂಡು ಬೆಳೆದದ್ದು. ಆಪರೇಷನ್‌ಗೆ ಇಟ್ಟುಕೊಳ್ಳಿ; ಜ್ವರಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕ್ಷಯ

ಕ್ಷಯಕ್ಕೆ ಆರು ತಿಂಗಳ ಮಾತ್ರೆ, ಬಹುಪಾಲು ಮನೆಯಲ್ಲಿದ್ದುಕೊಂಡೇ. ದಾಖಲಾತಿ ಇಲ್ಲದ್ದರಿಂದ ಮೇಲಿನ ಯಾವ ಕಾರ್ಡೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆದರೂ ಹಬ್ಬುವ ಕಾಯಿಲೆಗೆ ಸೇವೆ ಹೇಗಿರಬೇಕು ಎಂಬುದಕ್ಕೆ ನಮಗೆ ಕಾಣುವ ಒಳ್ಳೆಯ ಮಾದರಿ ಇದೇ. ಖಾಸಗಿ ಡಾಕ್ಟರು ಪತ್ತೆ ಮಾಡಿದರೂ ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ; ಈಗ ಅದನ್ನು ನಿಕ್ಷಯ್ ಎಂಬ ಸರ್ಕಾರಿ ಪೋರ್ಟಲ್‌ಗೆ ಹಾಕುತ್ತಾರೆ. ತಿಳಿಸಿದ್ದಕ್ಕೆ ಡಾಕ್ಟರಿಗೆ 500, ಚಿಕಿತ್ಸೆ ಮುಗಿದು ಫಲಿತಾಂಶ ದಾಖಲಿಸಿದಾಗ ಮತ್ತೆ 500 ರೂಪಾಯಿ ಇದೆ. ರೋಗಿಗೆ ಔಷಧಿ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ. ಮನೆಯವರನ್ನೆಲ್ಲ ತಪಾಸಣೆ ಮಾಡಿ, ಬೇಕಾದವರಿಗೆ ಮುಂಜಾಗ್ರತೆಯ ಮಾತ್ರೆ. ಖಾತೆಗೆ ಆಧಾರ್ ಜೋಡಿಸದೆ ಹಣ ನಿಲ್ಲುವುದು ಇದರಲ್ಲಿ ಸಾಮಾನ್ಯ ದೋಷ. ನಿಕ್ಷಯ್ ಐಡಿ ಹಿಡಿದು ತಾಲ್ಲೂಕಿನ ಕ್ಷಯ ಮೇಲ್ವಿಚಾರಕರನ್ನು ಕಂಡರೆ ಸರಿಮಾಡಿಸಿಕೊಡುತ್ತಾರೆ.

ಜ್ವರದ ಒಪ್ಪಂದಗಳಲ್ಲಿ ಇಲ್ಲದಿರುವುದು ಇದೇ. ಟ್ರಸ್ಟ್ ಆಗಲಿ ಕಂಪನಿಯಾಗಲಿ ಆಸ್ಪತ್ರೆಗೆ ಕೊಡುವುದು ಹಾಸಿಗೆ, ಔಷಧಿ, ಡಾಕ್ಟರ ಬಾಬ್ತು. ಜ್ವರ ಬಂದವರು ಯಾವ ಕಾನಿಗೆ ಹೋಗಿದ್ದರು ಎಂದು ಕೇಳಿ ಬರೆದಿಟ್ಟು ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸುವ ಕೆಲಸಕ್ಕೆ ಬಿಲ್ಲಿನಲ್ಲಿ ಸಾಲೇ ಇಲ್ಲ. ಮಲೆನಾಡಿನ ಜಿಲ್ಲೆಗಳ ಮಟ್ಟಿಗಾದರೂ ಮೂರು ಷರತ್ತು ಸೇರಿಸಲೇಬೇಕು ಎಂಬುದು ನಮ್ಮ ಒತ್ತಾಯ. ಡಿಸೆಂಬರ್‌ನಿಂದ ಮೇವರೆಗೆ ದಾಖಲಾಗುವ, ಕಾರಣ ಗೊತ್ತಾಗದ ಪ್ರತಿ ಜ್ವರದ ರಕ್ತವೂ ವಿಡಿಎಲ್‌ಗೆ ಹೋಗಬೇಕು. ಪಾಸಿಟಿವ್ ಬಂದರೆ 24 ಗಂಟೆಯೊಳಗೆ ರೋಗಿಯ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು ಹೋಗಬೇಕು. ಈ ಎರಡನ್ನೂ ಮಾಡಿದ ದಾಖಲೆ ಇದ್ದರೆ ಆಸ್ಪತ್ರೆಗೆ ಕ್ಷಯದಲ್ಲಿ ಕೊಡುವಂತೆ ಪ್ರತ್ಯೇಕ ಹಣ ಕೊಡಬೇಕು, ರೋಗಿಯ 5 ಲಕ್ಷದಲ್ಲಿ ಅದನ್ನು ಕಳೆಯಬಾರದು.